ಎಪ್ಪತ್ತು ದಾಟಿದವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆ: ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ, ಜನರು ಭಯದಿಂದ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಸಾಲುಗಟ್ಟಿ ನಿಂತರು. ಚರ್ಚೆಯಾದದ್ದು ಹೆಚ್ಚಾಗಿ ಚಿಕ್ಕ ವಯಸ್ಸಿನವರ ಸಾವು. ಆದರೆ ಆ ದಿನಗಳಲ್ಲಿ ಮನೆಯ ಹಿರಿಯರನ್ನೂ ತಪಾಸಣೆಗೆ ಕರೆದೊಯ್ದು, ಮೂರು ರಕ್ತನಾಳಗಳಲ್ಲಿ ಬ್ಲಾಕ್ ಇದೆ ಎಂಬ ವರದಿ ಹಿಡಿದು ಮರಳಿದ ಮನೆಗಳು ನಮ್ಮ ಸಕಲೇಶಪುರದ ಕಡೆಯೂ ಇವೆ. ಅಂಥ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಒಂದೇ: "ಈ ವಯಸ್ಸಿನಲ್ಲಿ ಎದೆ ಕೊಯ್ಯಿಸಬೇಕಾ?"

ನಮ್ಮ ತಂದೆಯವರಿಗೆ 76ನೆಯ ವಯಸ್ಸಿನಲ್ಲಿ ಬೈಪಾಸ್ ಆಯಿತು. ಆಸ್ಪತ್ರೆಯಲ್ಲಿಯೂ ಮನೆಯಲ್ಲಿಯೂ ಅವರ ಜೊತೆಗಿದ್ದವನು ನಾನು. ಶಸ್ತ್ರಚಿಕಿತ್ಸೆಯ ನಾಲ್ಕೈದು ಗಂಟೆ ಸರ್ಜನ್ನರಿಗೆ ಸೇರಿದ್ದು. ಅದಕ್ಕೂ ಮುಂಚಿನ ಎರಡು ಮೂರು ವಾರ ಮತ್ತು ಅದರ ನಂತರದ ಮೂರು ತಿಂಗಳು ಬಹುಪಾಲು ಮನೆಯವರ ಕೈಯಲ್ಲಿರುತ್ತದೆ ಎಂಬುದನ್ನು ನಾನು ತಡವಾಗಿ ಅರಿತೆ. ಮೊದಲೇ ತಿಳಿದಿರಬೇಕಿತ್ತು ಎನಿಸಿದ ಸಂಗತಿಗಳನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಔಷಧದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು.

ಮೊದಲ ಹೆಜ್ಜೆ: ವರದಿಯನ್ನು ಅರ್ಥ ಮಾಡಿಕೊಳ್ಳುವುದು

ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಹೃದಯದ ತೊಂದರೆ ಎದೆನೋವಾಗಿಯೇ ಕಾಣಿಸಬೇಕೆಂದಿಲ್ಲ. ತೋಟದ ಏರು ಹತ್ತುವಾಗ ಉಬ್ಬಸ, ಸ್ನಾನ ಮುಗಿಸುವಷ್ಟರಲ್ಲಿ ಸುಸ್ತು, ಊಟವಾದ ಮೇಲೆ ನಡೆದರೆ ಎದೆಯುರಿಯಂಥ ಸಂಕಟ, ಇವೆಲ್ಲ ಅದೇ ಆಗಿರಬಹುದು. ನಮ್ಮ ತಂದೆ ಆರು ತಿಂಗಳು "ಗ್ಯಾಸ್" ಎಂದೇ ಹೇಳುತ್ತಿದ್ದರು. ಕಳೆದ ವರ್ಷ ನಿಲ್ಲದೆ ನಡೆಯುತ್ತಿದ್ದ ದಾರಿಯಲ್ಲಿ ಈ ವರ್ಷ ಎರಡು ಕಡೆ ನಿಲ್ಲುತ್ತಿದ್ದಾರೆ ಎಂದರೆ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಅಷ್ಟು ಕಾರಣ ಸಾಕು.

ಹೃದಯದ ನಾಳಗಳಿಗೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್-ರೇ, ಅಂದರೆ ಆಂಜಿಯೋಗ್ರಾಂ, ಆದ ಮೇಲೆ ಎಷ್ಟು ಬ್ಲಾಕ್ ಎಂದು ಎಣಿಸುವುದಕ್ಕಿಂತ ಅವು ಎಲ್ಲಿವೆ ಎಂದು ಕೇಳಿ. ಎಡಭಾಗದ ಮುಖ್ಯ ನಾಳದಲ್ಲಿ, ಅಂದರೆ ವೈದ್ಯರು ಲೆಫ್ಟ್ ಮೇನ್ ಎನ್ನುವ ಕಡೆ, ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದರೆ ಅದು ಗಂಭೀರ. ಮೂರೂ ಮುಖ್ಯ ನಾಳಗಳು ಕಟ್ಟಿಕೊಂಡಿದ್ದು, ಜೊತೆಗೆ ಸಕ್ಕರೆ ಕಾಯಿಲೆಯಿದ್ದರೆ ಅಥವಾ ಹೃದಯದ ಪಂಪಿಂಗ್ ಶಕ್ತಿ ಕುಗ್ಗಿದ್ದರೆ, ನಾಳದೊಳಗೆ ಜಾಲರಿಯ ಕೊಳವೆಯಿಟ್ಟು ಅಗಲಿಸುವ ಸ್ಟೆಂಟ್‌ಗಿಂತ ಬೈಪಾಸ್ ಹೆಚ್ಚು ಕಾಲ ಬಾಳುತ್ತದೆಂದು ಸಾಮಾನ್ಯವಾಗಿ ವೈದ್ಯರು ಹೇಳುತ್ತಾರೆ. ಪಂಪಿಂಗ್ ಶಕ್ತಿಯನ್ನು ಎಕೋ ವರದಿಯಲ್ಲಿ ಇಎಫ್ ಎಂದು ಬರೆದಿರುತ್ತಾರೆ. ಸಹಜವಾಗಿ ಅದು ಶೇಕಡಾ 55ರಿಂದ ಮೇಲಿರುತ್ತದೆ.

ಬೈಪಾಸ್ ಎಂದರೇನು ಎಂದು ತಂದೆಯವರಿಗೆ ನಾನು ಗದ್ದೆಯ ಲೆಕ್ಕದಲ್ಲಿ ಹೇಳಿದೆ. ಕಾಲುವೆಗೆ ದರೆ ಕುಸಿದರೆ ಮಣ್ಣು ತೆಗೆಯುವ ಬದಲು ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿ, ಕುಸಿತದ ಕೆಳಗೆ ಮತ್ತೆ ಸೇರಿಸುತ್ತೇವೆ. ಇಲ್ಲಿ ಹೊಸ ಕಾಲುವೆಯಾಗುವುದು ಎದೆಗೂಡಿನ ಒಳಗೋಡೆಯ ಅಪಧಮನಿ ಮತ್ತು ಕಾಲಿನಿಂದ ತೆಗೆದ ಅಭಿಧಮನಿ. ಎದೆಯ ಅಪಧಮನಿಯ ಜೋಡಣೆ ಹತ್ತು ವರ್ಷದ ಮೇಲೂ ಹತ್ತರಲ್ಲಿ ಒಂಬತ್ತು ಜನರಲ್ಲಿ ತೆರೆದಿರುತ್ತದೆ. ಕಾಲಿನ ನಾಳ ಅಷ್ಟು ಬಾಳುವುದಿಲ್ಲ.

ಎರಡನೆಯ ಹೆಜ್ಜೆ: ಬೇಕೋ ಬೇಡವೋ ಎಂದು ತೀರ್ಮಾನಿಸುವುದು

ಇದು ಇಡೀ ದಾರಿಯಲ್ಲಿ ಅತ್ಯಂತ ಕಷ್ಟದ ಹೆಜ್ಜೆ, ಆದ್ದರಿಂದ ಇದಕ್ಕೆ ಸಮಯ ಕೊಡಿ. ಹೃದಯಾಘಾತ ನಡೆಯುತ್ತಿರುವ ತುರ್ತನ್ನು ಬಿಟ್ಟರೆ ಬಹುತೇಕ ರೋಗಿಗಳಿಗೆ ಯೋಚಿಸಲು ಕೆಲವು ದಿನಗಳಾದರೂ ಇರುತ್ತವೆ. ಎಷ್ಟು ದಿನ ಕಾಯಬಹುದು ಎಂದು ನೇರವಾಗಿ ವೈದ್ಯರನ್ನೇ ಕೇಳಿ.

ವಯಸ್ಸೊಂದೇ ಅಡ್ಡಿಯಲ್ಲ. ಎಂಬತ್ತರ ಮೇಲಿನವರೂ ಬೈಪಾಸ್ ಮಾಡಿಸಿಕೊಂಡು ಚೆನ್ನಾಗಿದ್ದಾರೆ. ನೋಡಬೇಕಾದದ್ದು ದೇಹದಲ್ಲಿ ಉಳಿದಿರುವ ಕಸುವು. ಅದನ್ನು ಅಳೆಯಲು ವೈದ್ಯರು ಬಳಸುವ ಒಂದು ಸರಳ ಪರೀಕ್ಷೆಯನ್ನು ಅಂಗಳದಲ್ಲಿಯೇ ಮಾಡಿ ನೋಡಬಹುದು. ನೆಲದ ಮೇಲೆ ಐದು ಮೀಟರ್ ಗುರುತು ಹಾಕಿ, ಹಿರಿಯರು ದಿನವೂ ನಡೆಯುವ ನಡಿಗೆಯಲ್ಲಿಯೇ ಅದನ್ನು ದಾಟಲಿ. ಆರು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ದೇಹ ಸೊರಗಿದೆ, ಶಸ್ತ್ರಚಿಕಿತ್ಸೆಯ ಅಪಾಯ ಹೆಚ್ಚು ಎಂದು ಅರ್ಥ. ಇದಕ್ಕೆ ಜೊತೆಯಾಗಿ ಕಳೆದ ಆರು ತಿಂಗಳಲ್ಲಿ ತೂಕ ಇಳಿದಿದೆಯೇ, ಕುರ್ಚಿಯಿಂದ ಕೈಯೂರದೆ ಏಳುತ್ತಾರೆಯೇ, ಬಿದ್ದದ್ದುಂಟೇ, ಹಣಕಾಸಿನ ಲೆಕ್ಕ ಮತ್ತು ಮಾತ್ರೆಗಳ ಹೊತ್ತು ನೆನಪಿರುತ್ತದೆಯೇ ಎಂಬುದನ್ನೂ ಬರೆದುಕೊಂಡು ಸರ್ಜನ್ನರಿಗೆ ತಿಳಿಸಿ. ಹತ್ತು ನಿಮಿಷದ ಭೇಟಿಯಲ್ಲಿ ಅವರಿಗೆ ಇವು ಕಾಣುವುದಿಲ್ಲ, ಮನೆಯವರಿಗೆ ಮಾತ್ರ ಗೊತ್ತಿರುತ್ತವೆ.

ಸರ್ಜನ್ನರನ್ನು ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇವರ ವಯಸ್ಸು, ಮೂತ್ರಪಿಂಡ, ಶ್ವಾಸಕೋಶಗಳ ಸ್ಥಿತಿ ನೋಡಿದರೆ ಅಪಾಯ ನೂರರಲ್ಲಿ ಎಷ್ಟು? ಪಾರ್ಶ್ವವಾಯುವಿನ ಸಾಧ್ಯತೆ ಎಷ್ಟು? ಸ್ಟೆಂಟ್ ಹಾಕಿದರೆ ಏನಾಗುತ್ತದೆ, ಬರೀ ಮಾತ್ರೆಯಲ್ಲಿ ಉಳಿದರೆ ಏನಾಗುತ್ತದೆ? ಹೃದಯವನ್ನು ನಿಲ್ಲಿಸಿ ಯಂತ್ರದ ಸಹಾಯದಿಂದ ಮಾಡುವಿರೋ, ಬಡಿಯುತ್ತಿರುವಾಗಲೇ ಮಾಡುವಿರೋ? ಈ ಕೊನೆಯ ಪ್ರಶ್ನೆ ಹಿರಿಯರ ವಿಷಯದಲ್ಲಿ ಮುಖ್ಯ. ವಯಸ್ಸಾದವರ ಮಹಾಪಧಮನಿಯಲ್ಲಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ನಾಳದಲ್ಲಿ, ಸುಣ್ಣ ಕಟ್ಟಿರಬಹುದು. ಅದಕ್ಕೆ ಕ್ಲಾಂಪ್ ಹಾಕಿದಾಗ ಚೂರು ಕಳಚಿ ಮೆದುಳಿಗೆ ಹೋದರೆ ಪಾರ್ಶ್ವವಾಯು ಆಗುತ್ತದೆ. ಕುತ್ತಿಗೆಯ ನಾಳಗಳಲ್ಲಿ ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸುವುದೂ ಈ ಅಪಾಯವನ್ನು ಮೊದಲೇ ತಿಳಿಯುವುದಕ್ಕೆ.

ಹಿರಿಯರನ್ನು ಹೊರಗೆ ಕೂರಿಸಿ ಮಕ್ಕಳೇ ತೀರ್ಮಾನ ಮಾಡುವ ಪದ್ಧತಿ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್ನು ಮುಂದೆ ಏನು ಮಾಡುವಂತಾಗಬೇಕು ಎಂದು ಅವರನ್ನೇ ಕೇಳಿ. ನಮ್ಮ ತಂದೆ ಹೇಳಿದ್ದು, "ಕೆಳಗಿನ ತೋಟದ ತನಕ ನಾನೇ ನಡ್ಕೊಂಡು ಹೋಗಂಗಾದ್ರೆ ಸಾಕು" ಎಂದು. ಆ ಮಾತನ್ನು ಸರ್ಜನ್ನರಿಗೆ ಹಾಗೆಯೇ ತಿಳಿಸಿದೆವು, ಅದು ಆಗಬಹುದು ಎಂದು ಅವರು ಹೇಳಿದ ಮೇಲೆಯೇ ಒಪ್ಪಿದೆವು. ಹಾಸಿಗೆ ಹಿಡಿದಿರುವ, ಮರೆವು ತೀವ್ರವಾಗಿರುವ, ಅಥವಾ ತಮಗೆ ಬೇಡವೆಂದು ತಿಳಿದೇ ಹೇಳುವ ಹಿರಿಯರಿಗೆ ಮಾತ್ರೆಗಳಲ್ಲಿ ಉಳಿಯುವುದೂ ಗೌರವದ ನಿರ್ಧಾರವೇ. ಅದನ್ನು ಮಕ್ಕಳ ಉಪೇಕ್ಷೆ ಎಂದು ನೆಂಟರು ಆಡಿಕೊಂಡರೆ ಕಿವಿಗೆ ಹಾಕಿಕೊಳ್ಳಬೇಡಿ.

ಮೂರನೆಯ ಹೆಜ್ಜೆ: ಊರು, ಹಣ, ಕಾಗದಪತ್ರ

ಹಾಸನ, ಚಿಕ್ಕಮಗಳೂರಿನ ಕಡೆಯವರು ಬೈಪಾಸ್‌ಗೆ ಸಾಮಾನ್ಯವಾಗಿ ಮೈಸೂರು, ಬೆಂಗಳೂರು ಇಲ್ಲವೇ ಮಂಗಳೂರಿಗೆ ಹೋಗುತ್ತಾರೆ. ಹಾಸನದಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು ಸುಮಾರು 185 ಕಿಲೋಮೀಟರ್. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು. ಹತ್ತು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಮರುಭೇಟಿಗೆ ಹೋಗಬೇಕಾಗುವುದನ್ನೂ ಲೆಕ್ಕ ಹಾಕಿ ಊರನ್ನು ಆರಿಸಿಕೊಳ್ಳಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾಗುತ್ತದೆ. ಇದನ್ನು ತಾರದೆ ದೂರದ ಊರಿಗೆ ಹೋಗಿ ಮತ್ತೆ ಹಿಂದಿರುಗಿ ಬಂದವರನ್ನು ನೋಡಿದ್ದೇನೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಮೊದಲು ಅವರನ್ನು ಕಾಣಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆಯಿದೆ, ಆದರೆ ಅದಕ್ಕೆ ಮುಂಚಿತವಾಗಿ ನೋಂದಾಯಿಸಿರಬೇಕು. ರೇಷನ್ ಕಾರ್ಡ್, ಆಧಾರ್, ಆಂಜಿಯೋಗ್ರಾಂ ಸಿಡಿ, ಎಕೋ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಇವೆಲ್ಲವೂ ಒಂದೇ ಫೈಲಿನಲ್ಲಿರಲಿ. ರಕ್ತ ಕೊಡಬಲ್ಲ ಇಬ್ಬರು ಮೂವರಿಗೆ ಮುಂಚೆಯೇ ಹೇಳಿಡಿ. ಕಾಫಿ ಕೊಯ್ಲಿನ ಸಮಯದಲ್ಲಿ ಊರಿನಿಂದ ಯಾರೂ ಕದಲಲಾಗದು, ಅದನ್ನೂ ನೆನಪಿಡಿ.

ನಾಲ್ಕನೆಯ ಹೆಜ್ಜೆ: ಮುಂಚಿನ ಎರಡು ಮೂರು ವಾರ

ದಿನಾಂಕ ಸಿಕ್ಕಿದ ಮೇಲೆ ಹೆಚ್ಚಿನ ಮನೆಗಳಲ್ಲಿ ಹಿರಿಯರನ್ನು ಮಲಗಿಸಿಬಿಡುತ್ತಾರೆ. ಅದರಿಂದ ಇರುವ ಬಲವೂ ಕುಂದುತ್ತದೆ. ಎದೆನೋವು ಬರದ ಮಿತಿಯಲ್ಲಿ, ವೈದ್ಯರು ಒಪ್ಪಿದಷ್ಟು, ಸಮತಟ್ಟಾದ ಜಾಗದಲ್ಲಿ ದಿನಕ್ಕೆ ಎರಡು ಮೂರು ಸಲ ನಡೆಸಿ. ಊಟದಲ್ಲಿ ಮೊಟ್ಟೆ, ಬೇಳೆ, ಮೊಸರು, ಕಾಳು ಹೆಚ್ಚಿರಲಿ. ಮಾಂಸಖಂಡ ಉಳಿದಿದ್ದರೆ ಮುಂದೆ ಎದ್ದು ಓಡಾಡುವುದು ಸುಲಭ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಈ ವಿಷಯದಲ್ಲಿ ವೈದ್ಯರನ್ನು ಕೇಳಿ. ರಕ್ತಹೀನತೆ ಇದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಸರಿಪಡಿಸಲು ಸಾಧ್ಯವೇ ಎಂದು ವಿಚಾರಿಸಿ.

ಮೂರು ಚೆಂಡುಗಳಿರುವ ಉಸಿರಾಟದ ಉಪಕರಣವೊಂದು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಆಪರೇಷನ್ ಆದ ಮೇಲೆ ಕಲಿಸಲು ಹೋದರೆ ನೋವಿನಲ್ಲಿ ಹಿರಿಯರಿಗೆ ತಲೆಗೆ ಹತ್ತುವುದಿಲ್ಲ. ಎರಡು ವಾರ ಮುಂಚೆಯೇ ಜಗಲಿಯಲ್ಲಿ ಕೂರಿಸಿ ಅಭ್ಯಾಸ ಮಾಡಿಸಿ. ಊದುವುದಲ್ಲ, ನಿಧಾನವಾಗಿ ಒಳಕ್ಕೆ ಎಳೆಯುವುದು. ನಮ್ಮಲ್ಲಿ ಮೊದಲ ನಾಲ್ಕು ದಿನ ತಂದೆ ಊದುತ್ತಲೇ ಇದ್ದರು. ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುವುದನ್ನು ಈ ಅಭ್ಯಾಸ ಕಡಿಮೆ ಮಾಡುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಎಲೆಅಡಿಕೆ ಅಂದಿನಿಂದಲೇ ನಿಲ್ಲಬೇಕು.

ಮದ್ಯದ ವಿಷಯವನ್ನು ಮುಚ್ಚಿಡಬೇಡಿ. ಸಂಜೆ ಒಂದಿಷ್ಟು ಕುಡಿಯುವ ಅಭ್ಯಾಸ ಎಷ್ಟೋ ವರ್ಷಗಳಿಂದ ಇದ್ದು, ಮರ್ಯಾದೆಗೆ ಅಂಜಿ ವೈದ್ಯರಿಗೆ ಹೇಳದೆ ಹೋದರೆ, ಆಸ್ಪತ್ರೆಗೆ ಸೇರಿದ ಎರಡು ಮೂರನೆಯ ದಿನ ಕೈನಡುಕ, ಬಡಬಡಿಕೆ, ಹೆಚ್ಚಾದರೆ ಫಿಟ್ಸ್ ಬರಬಹುದು. ಮೊದಲೇ ತಿಳಿದಿದ್ದರೆ ವೈದ್ಯರು ಅದಕ್ಕೆ ಔಷಧ ಕೊಟ್ಟು ತಡೆಯುತ್ತಾರೆ. ನಾಟಿ ಔಷಧಿ, ಕಷಾಯ, ಮಂಡಿನೋವಿಗೆಂದು ಅಂಗಡಿಯಿಂದ ತಂದ ಮಾತ್ರೆ, ಇವನ್ನೂ ಹೇಳಿ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳಲ್ಲಿ ಕ್ಲೊಪಿಡೊಗ್ರೆಲ್ ಅನ್ನು ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸುತ್ತಾರೆ, ಆಸ್ಪಿರಿನ್ ಅನ್ನು ಹೆಚ್ಚಾಗಿ ಮುಂದುವರಿಸುತ್ತಾರೆ. ಸಕ್ಕರೆ ಕಾಯಿಲೆಯ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ, ಇಲ್ಲವಾದರೆ ಸಕ್ಕರೆ ಪ್ರಮಾಣ ಸರಿಯಾಗಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ಯಾವುದನ್ನು ಯಾವ ದಿನಾಂಕದಿಂದ ನಿಲ್ಲಿಸಬೇಕೆಂದು ಸರ್ಜನ್ನರ ತಂಡದಿಂದ ಬರೆಸಿಕೊಳ್ಳಿ, ನೀವಾಗಿ ಒಂದು ಮಾತ್ರೆಯನ್ನೂ ಬಿಡಿಸಬೇಡಿ.

ಐದನೆಯ ಹೆಜ್ಜೆ: ಆ ದಿನ

ಎದೆಯ ನಡುಮೂಳೆಯನ್ನು ಸೀಳಿ, ನಾಳಗಳನ್ನು ಜೋಡಿಸಿ, ಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ತಂತಿ ಒಳಗೇ ಉಳಿಯುತ್ತದೆ. ಥಿಯೇಟರಿನ ಒಳಗೆ ಹೋದದ್ದರಿಂದ ಐಸಿಯುಗೆ ಬರುವ ತನಕ ಐದಾರು ಗಂಟೆ ಹಿಡಿಯಬಹುದು, ತಡವಾದ ಮಾತ್ರಕ್ಕೆ ಗಾಬರಿ ಬೇಡ. ಮೊದಲ ಸಲ ನೋಡಲು ಬಿಟ್ಟಾಗ ಬಾಯಲ್ಲಿ ವೆಂಟಿಲೇಟರ್ ಕೊಳವೆ, ಎದೆಯಿಂದ ರಕ್ತ ಬಸಿಯುವ ಡ್ರೈನ್, ಕುತ್ತಿಗೆಯಲ್ಲಿ ಸೂಜಿ, ಊದಿದ ಮುಖ ಕಾಣುತ್ತದೆ. ಮನೆಯವರಲ್ಲಿ ಗಟ್ಟಿ ಮನಸ್ಸಿನವರೊಬ್ಬರು ಮೊದಲು ಹೋಗಲಿ.

ಆರನೆಯ ಹೆಜ್ಜೆ: ಐಸಿಯು ಮತ್ತು ವಾರ್ಡಿನ ದಿನಗಳು

ಎರಡನೆಯ ರಾತ್ರಿ ನಮ್ಮ ತಂದೆ ನನ್ನನ್ನು ಗುರುತಿಸಲಿಲ್ಲ. ಮಾನಿಟರಿನ ಸದ್ದು ಅವರಿಗೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೂಗಿದಂತೆ ಕೇಳುತ್ತಿತ್ತು. "ಮೋಟರ್ ಆಫ್ ಮಾಡ್ರೋ, ನೀರಿಲ್ದೆ ಸುಟ್ಟೋಗ್ತದೆ" ಎಂದು ಡ್ರಿಪ್ಪಿನ ಕೊಳವೆಯನ್ನು ಎಳೆಯಲು ಹೋಗುತ್ತಿದ್ದರು. ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಬುದ್ಧಿಗೆ ಏನೋ ಆಗಿಹೋಯಿತು, ಇನ್ನು ಇವರು ಮೊದಲಿನಂತಾಗುವುದಿಲ್ಲ ಎಂದುಕೊಂಡೆ.

ಇದಕ್ಕೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಹೃದಯ ಶಸ್ತ್ರಚಿಕಿತ್ಸೆಯಾದ ವಯಸ್ಸಾದವರಲ್ಲಿ ಇದು ಅಪರೂಪವೇನಲ್ಲ. ಹೊತ್ತು ಹೊತ್ತಿಗೆ ಬದಲಾಗುತ್ತದೆ, ರಾತ್ರಿ ಹೆಚ್ಚುತ್ತದೆ, ಬಹುತೇಕರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೆಲವರು ಕೂಗಾಡುವ ಬದಲು ತೀರಾ ಮಂಕಾಗಿ ಮಲಗಿಬಿಡುತ್ತಾರೆ, ಅದೂ ಇದೇ ತೊಂದರೆಯ ಇನ್ನೊಂದು ರೂಪ. ನೋವು, ಸೋಂಕು, ನಿದ್ರೆಯಿಲ್ಲದಿರುವುದು, ಮಲಬದ್ಧತೆ, ಕೆಲವು ಮಾತ್ರೆಗಳು, ಇವೆಲ್ಲ ಕಾರಣವಾಗುತ್ತವೆ. ಕೈಕಾಲಿನ ಒಂದು ಪಕ್ಕ ಸೋತಿದ್ದರೆ ಅಥವಾ ಮಾತು ತೊದಲುತ್ತಿದ್ದರೆ ಮಾತ್ರ ಅದು ಬೇರೆಯ ವಿಷಯ, ತಕ್ಷಣ ದಾದಿಯರಿಗೆ ಹೇಳಬೇಕು.

ನಮ್ಮಿಂದ ಆದ ತಪ್ಪನ್ನೂ ಹೇಳಬೇಕು. ಅವರ ಕನ್ನಡಕ ಮತ್ತು ಕಿವಿಯ ಯಂತ್ರ ಕಳೆದುಹೋದೀತೆಂದು ಚೀಲದೊಳಗೆ ಕಟ್ಟಿಟ್ಟಿದ್ದೆವು. ಮಸುಕು ಬೆಳಕಿನಲ್ಲಿ, ಏನೂ ಕಾಣದೆ, ಕೇಳದೆ, ಮುಖಕ್ಕೆ ಮಾಸ್ಕ್ ಹಾಕಿದ ಅಪರಿಚಿತರ ನಡುವೆ ಅವರು ಎರಡು ದಿನ ಕಳೆದಿದ್ದರು. ಮೂರನೆಯ ಬೆಳಿಗ್ಗೆ ದಾದಿಯೊಬ್ಬರು ಕೇಳಿದ ಮೇಲೆ ತಂದುಕೊಟ್ಟೆವು. ಕನ್ನಡಕ ಹಾಕಿಕೊಂಡು ಅವರು ಮೊದಲು ನೋಡಿದ್ದು ಗೋಡೆಯ ಗಡಿಯಾರವನ್ನು, ಆಮೇಲೆ ನನ್ನನ್ನು. "ಹಾಲು ಡೇರಿಗೆ ಹಾಕಿದ್ರಾ?" ಎಂದರು.

ಆದ್ದರಿಂದ ಕನ್ನಡಕ, ಕಿವಿಯ ಯಂತ್ರ, ಹಲ್ಲುಸೆಟ್ಟುಗಳನ್ನು ಹೆಸರು ಬರೆದ ಡಬ್ಬಿಯಲ್ಲಿಟ್ಟು, ಪ್ರಜ್ಞೆ ಬಂದ ಕೂಡಲೇ ಕೊಡುವಂತೆ ಐಸಿಯು ಸಿಬ್ಬಂದಿಗೆ ಒಪ್ಪಿಸಿ. ಭೇಟಿಯ ಹೊತ್ತಿಗೆ ದಿನಕ್ಕೊಬ್ಬರು ಹೊಸಬರು ಹೋಗುವ ಬದಲು ಒಬ್ಬರೇ ಹೋಗಿ. ಹೆಸರು, ದಿನ, ಊರು, ಆಪರೇಷನ್ ಆಗಿರುವ ವಿಷಯವನ್ನು ಮೆಲ್ಲಗೆ, ಮತ್ತೆ ಮತ್ತೆ ಹೇಳಿ. ಅವರ ಭ್ರಮೆಯೊಡನೆ ವಾದ ಮಾಡಬೇಡಿ. ಮೋಟರ್ ಆಫ್ ಆಗಿದೆ ಎಂದರೆ ಸಾಕು. ನಿದ್ರೆಮಾತ್ರೆ ಕೊಡಿ ಎಂದು ನೀವಾಗಿ ಒತ್ತಾಯಿಸಬೇಡಿ, ಕೆಲವು ನಿದ್ರೆಮಾತ್ರೆಗಳು ಈ ಗೊಂದಲವನ್ನು ಹೆಚ್ಚಿಸುತ್ತವೆ.

ಎರಡರಿಂದ ನಾಲ್ಕನೆಯ ದಿನದೊಳಗೆ ಹೃದಯದ ಬಡಿತ ಏರುಪೇರಾಗುವುದೂ ಸಾಮಾನ್ಯ. ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ವಯಸ್ಸಾದಂತೆ ಹೆಚ್ಚು. ಔಷಧದಿಂದ ಬಹುತೇಕ ಹತೋಟಿಗೆ ಬರುತ್ತದೆ. ಮರುದಿನದಿಂದಲೇ ಕುರ್ಚಿಯಲ್ಲಿ ಕೂರಿಸಿ, ನಡೆಸಲು ಶುರುಮಾಡುತ್ತಾರೆ. ಪಾಪ ಎಂದು ತಡೆಯಬೇಡಿ. ಕೆಮ್ಮುವಾಗ ದಿಂಬನ್ನು ಎದೆಗೆ ಬಿಗಿಯಾಗಿ ಅಪ್ಪಿಕೊಂಡು ಕೆಮ್ಮಲಿ.

ಏಳನೆಯ ಹೆಜ್ಜೆ: ಮನೆಯನ್ನು ಸಿದ್ಧಪಡಿಸುವುದು, ಮೊದಲ ಆರು ವಾರ

ಡಿಸ್‌ಚಾರ್ಜ್‌ಗೆ ಮುಂಚೆಯೇ ಮನೆಯಲ್ಲೊಬ್ಬರು ಈ ಕೆಲಸ ಮುಗಿಸಿರಬೇಕು. ನೆಲದ ಹಾಸಿಗೆ ಆಗದು, ಮಂಡಿಯಷ್ಟು ಎತ್ತರದ ಮಂಚ ಬೇಕು. ಕೈಯೂರಿ ಏಳುವಂತಿಲ್ಲವಾದ್ದರಿಂದ ತಗ್ಗಿನ ಸೋಫಾ ಬೇಡ, ಗಟ್ಟಿ ಕುರ್ಚಿ ಬೇಕು. ಕುಕ್ಕರುಗಾಲಿನಲ್ಲಿ ಕೂರುವ ಕಕ್ಕಸ್ಸಿದ್ದರೆ ಕಮೋಡ್ ಕುರ್ಚಿ ತನ್ನಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಲಿನಲ್ಲಿರುತ್ತದೆ, ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ಕಲ್ಲುಚಪ್ಪಡಿಯ ಮೇಲೆ ಪಾಚಿ ಕಟ್ಟಿರುತ್ತದೆ. ಪಾಚಿ ಉಜ್ಜಿಸಿ, ಹಿಡಿದುಕೊಳ್ಳಲು ಗೋಡೆಗೆ ಒಂದು ಪೈಪ್ ಹಾಕಿಸಿ. ಹಂಡೆಯಿಂದ ನೀರು ಮೊಗೆದು ಕೊಡಲು ಇನ್ನೊಬ್ಬರಿರಲಿ.

ಎದೆಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಅಲ್ಲಿಯವರೆಗೆ ಎರಡು ಮೂರು ಕಿಲೋಗಿಂತ ಭಾರ ಎತ್ತುವಂತಿಲ್ಲ. ತುಂಬಿದ ಕೊಡಪಾನ, ಹಾಲಿನ ಕ್ಯಾನು, ಮೊಮ್ಮಗು ಇವೆಲ್ಲ ಅದಕ್ಕಿಂತ ಭಾರ. ಹಾಸಿಗೆಯಿಂದ ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಕೆಳಗಿಳಿಸಿ, ಹಿಂದಿನಿಂದ ಒಬ್ಬರು ಬೆನ್ನಿಗೆ ಕೈಕೊಟ್ಟು ಎಬ್ಬಿಸಲಿ. ಕೈ ಹಿಡಿದು ಎಳೆಯಬಾರದು. ಎದ್ದ ಕೂಡಲೇ ನಡೆಯದೆ ಒಂದು ನಿಮಿಷ ಅಂಚಿನಲ್ಲಿ ಕೂರಲಿ, ಬಿಪಿ ಇಳಿದು ತಲೆಸುತ್ತಿ ಬೀಳುವುದು ಈ ದಿನಗಳಲ್ಲಿ ಹೆಚ್ಚು. ಕಾರಿನಲ್ಲಿ ಸೀಟ್‌ಬೆಲ್ಟ್ ಮತ್ತು ಎದೆಯ ನಡುವೆ ದಿಂಬಿಟ್ಟುಕೊಳ್ಳಲಿ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವುದು ಬೇಡವೇ ಬೇಡ.

ನಡಿಗೆ ಐದು ನಿಮಿಷದಿಂದ ಶುರುವಾಗಲಿ, ದಿನಕ್ಕೆ ಮೂರು ನಾಲ್ಕು ಸಲ. ದಿನ ಬಿಟ್ಟು ದಿನ ಒಂದೆರಡು ನಿಮಿಷ ಕೂಡಿಸುತ್ತ ಹೋದರೆ ಆರು ವಾರದ ಹೊತ್ತಿಗೆ ಬಹುತೇಕರು ಅರ್ಧ ಗಂಟೆಗೆ ಬರುತ್ತಾರೆ. ಮಾತಾಡುತ್ತ ನಡೆಯಲಾಗದಷ್ಟು ಉಸಿರು ಸಿಕ್ಕಿಕೊಂಡರೆ ಅದು ಹೆಚ್ಚಾಯಿತೆಂದು ಅರ್ಥ.

ಹಸಿವಿಲ್ಲದಿರುವುದು, ಬಾಯಿ ರುಚಿ ಕೆಟ್ಟಿರುವುದು ಹಲವರಲ್ಲಿ ಕೆಲವು ವಾರ ಇರುತ್ತದೆ. ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಿ. ರಾಗಿಮುದ್ದೆ, ಸೊಪ್ಪಿನ ಸಾರು, ಅಕ್ಕಿರೊಟ್ಟಿ ಯಾವುದಕ್ಕೂ ಅಡ್ಡಿಯಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪಿನಲ್ಲಿಟ್ಟ ಕಳಲೆ ದೂರವಿರಲಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಕೊಟ್ಟಿದ್ದರೆ ಮಾತ್ರ ಸೊಪ್ಪಿನ ಪ್ರಮಾಣ ದಿನದಿಂದ ದಿನಕ್ಕೆ ಏರುಪೇರಾಗದಂತೆ ನೋಡಿಕೊಳ್ಳಿ. ಮಲಬದ್ಧತೆಗೆ ಔಷಧ ಕೇಳಿ ಪಡೆಯಿರಿ, ತಿಣುಕುವುದು ಒಳ್ಳೆಯದಲ್ಲ.

ಕಾಲಿನ ನಾಳ ತೆಗೆದ ಕಡೆ ಬಾವು ತಿಂಗಳುಗಟ್ಟಲೆ ಇರಬಹುದು. ಕುಳಿತಾಗ ಕಾಲನ್ನು ಸ್ಟೂಲಿನ ಮೇಲಿಡಲಿ, ಹೇಳಿದಷ್ಟು ದಿನ ಬಿಗಿ ಕಾಲುಚೀಲ ಹಾಕಲಿ. ಮಲೆನಾಡಿನ ಮಳೆಗಾಲಕ್ಕೆ ಇನ್ನೊಂದು ಮಾತು ಸೇರಿಸಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುವವರಿಗೆ ಇಂಬಳ (ಜಿಗಣೆ) ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಆ ಕಾಲಿನ ಗಾಯ ಮಾಯುವ ತನಕ ತೋಟದ ಹುಲ್ಲಿಗೆ ಇಳಿಯುವುದು ಬೇಡ, ಅಂಗಳದ ನಡಿಗೆಯೇ ಸಾಕು.

ನೋಡಲು ಬರುವವರ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಕೆಮ್ಮು, ನೆಗಡಿ ಇರುವವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವುದು ಅಸಭ್ಯವಲ್ಲ. ಇನ್ನೊಂದು ಸಂಗತಿ ಎಷ್ಟೋ ಮನೆಗಳಲ್ಲಿ ಗಮನಕ್ಕೆ ಬರುವುದೇ ಇಲ್ಲ: ಮೂರು ನಾಲ್ಕನೆಯ ವಾರದಲ್ಲಿ ಹಿರಿಯರು ಮಾತು ಕಡಿಮೆ ಮಾಡಿ, ಸುಮ್ಮನೆ ಅಳುತ್ತಿದ್ದರೆ, "ಯಾಕಾದ್ರೂ ಉಳಿಸಿದ್ರೋ" ಎನ್ನುತ್ತಿದ್ದರೆ ಅದು ಹಟವಲ್ಲ, ಶಸ್ತ್ರಚಿಕಿತ್ಸೆಯ ನಂತರ ಬರುವ ಖಿನ್ನತೆ. ಎರಡು ವಾರಕ್ಕಿಂತ ಹೆಚ್ಚು ಉಳಿದರೆ ವೈದ್ಯರಿಗೆ ಹೇಳಿ, ಚಿಕಿತ್ಸೆಯಿದೆ.

ಎಂಟನೆಯ ಹೆಜ್ಜೆ: ಯಾವುದಕ್ಕೆ ಓಡಬೇಕು

ದಿನವೂ ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ; ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ದೇಹದಲ್ಲಿ ನೀರು ತುಂಬುತ್ತಿದೆ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಗಾಯದಿಂದ ಕೀವು, ಕೆಮ್ಮಿದಾಗ ಎದೆಮೂಳೆ ಕಟಕಟ ಎಂದಂತಾಗುವುದು, ಕಪ್ಪು ಮಲ, ಒಂದೇ ಕಾಲಿನ ಮೀನಖಂಡದಲ್ಲಿ ಹೊಸದಾಗಿ ನೋವು ಮತ್ತು ಬಾವು ಕಂಡರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಿ. ಮಲಗಿದರೆ ಉಸಿರು ಕಟ್ಟುವುದು, ಎದೆ ಹಿಂಡಿದಂತಾಗುವುದು, ಬಾಯಿ ಸೊಟ್ಟಗಾಗುವುದು, ಪ್ರಜ್ಞೆ ತಪ್ಪುವುದು ಇವಕ್ಕೆ ಯಾರನ್ನೂ ಕೇಳುತ್ತ ಕೂರದೆ 108ಕ್ಕೆ ಕರೆಮಾಡಿ. ಆಪರೇಷನ್ ಮಾಡಿದ ದೂರದ ಆಸ್ಪತ್ರೆಗೇ ಹೋಗಬೇಕೆಂದು ಹೊರಡದೆ ಮೊದಲು ಹತ್ತಿರದ ಆಸ್ಪತ್ರೆ ಸೇರಿ. ಡಿಸ್‌ಚಾರ್ಜ್ ಸಮ್ಮರಿಯ ಒಂದು ಪ್ರತಿ ಬಾಗಿಲ ಹಿಂದೆ ಚೀಲದಲ್ಲಿ ತೂಗುತ್ತಿರಲಿ, ಇನ್ನೊಂದು ಮಗನ ಅಥವಾ ಸೊಸೆಯ ಮೊಬೈಲಿನಲ್ಲಿರಲಿ.

ಒಂಬತ್ತನೆಯ ಹೆಜ್ಜೆ: ಮೂರು ತಿಂಗಳು ಮತ್ತು ಆಮೇಲೆ

ಬೈಪಾಸ್ ಆಯಿತೆಂದು ರೋಗ ಹೋಗುವುದಿಲ್ಲ, ಹೊಸ ನಾಳವೂ ಮುಚ್ಚಬಹುದು. ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳನ್ನು ಸಾಮಾನ್ಯವಾಗಿ ಜೀವನಪೂರ್ತಿ ಕೊಡುತ್ತಾರೆ. ಹಲ್ಲು ಕೀಳಿಸುವಾಗ, ಕಣ್ಣಿನ ಪೊರೆ ತೆಗೆಸುವಾಗ ಯಾರಾದರೂ ಅವನ್ನು ನಿಲ್ಲಿಸಿ ಎಂದರೆ ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಬೆಳಿಗ್ಗೆ, ರಾತ್ರಿ ಎಂದು ಖಾನೆಗಳಿರುವ ಡಬ್ಬಿಯಲ್ಲಿ ವಾರದ ಮಾತ್ರೆಗಳನ್ನು ಭಾನುವಾರವೇ ತುಂಬಿಡುವುದು ನಮ್ಮ ಮನೆಯಲ್ಲಿ ತಾಯಿಯವರ ಕೆಲಸ.

ಮೂರು ತಿಂಗಳ ಭೇಟಿಯಲ್ಲಿ ಯಾವ ಯಾವ ಕೆಲಸ ಮಾಡಬಹುದೆಂದು ಒಂದೊಂದನ್ನೂ ಹೆಸರಿಸಿ ಕೇಳಿ. ನಮ್ಮ ತಂದೆ ಚೀಟಿ ಬರೆದುಕೊಂಡು ಬಂದಿದ್ದರು. ಹಸುವಿನ ಹಾಲು ಕರೆಯುವುದು, ಗಿಡಕ್ಕೆ ಕತ್ತರಿ ಹಾಕುವುದು, ಕಣದಲ್ಲಿ ಕಾಫಿ ಹರಡುವುದು ಆಗಬಹುದು ಎಂದು ವೈದ್ಯರು ಹೇಳಿದರು. ಗೊಬ್ಬರದ ಚೀಲ ಹೊರುವುದು, ಮೆಣಸು ಕೊಯ್ಯಲು ಏಣಿ ಹತ್ತುವುದು ಬೇಡ ಎಂದರು. ಏಣಿಯ ಮಾತಿಗೆ ತಂದೆಯ ಮುಖ ಸ್ವಲ್ಪ ಸಪ್ಪಗಾಯಿತು. ಈಗ ಕೊಯ್ಲಿನ ದಿನ ಅವರು ಕೆಳಗಿನ ತೋಟದ ತನಕ ನಡೆದುಹೋಗಿ, ಮರದ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು, ಯಾವ ಬಳ್ಳಿ ಇನ್ನೂ ಹಣ್ಣಾಗಿಲ್ಲ ಎಂದು ಮೇಲಿರುವವರಿಗೆ ಹೇಳುತ್ತಾರೆ.